ಶಿಲ್ಪಿ ಬಿಚ್ಚಿದ ಮುಂದಿನ ಚಕ್ರ

ಕಲ್ಲೊಳಗೆ ಅಡಗಿದ್ದ ಗಣಪನನ್ನೇ ಹೊರಗೆ ತೆಗೆದವನಿಗೆ ಸ್ಕೂಟರಿನ ಮುಂದಿನ ಚಕ್ರ ಬಿಚ್ಚುವುದು ಯಾವ ಲೆಕ್ಕ ಎಂದು ಶಿವಾರಪಟ್ಟಣದ ಶಿಲ್ಪಿ ಕೋದಂಡರಾಮಪ್ಪ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ಘೋಷಿಸಿದ. ಸಭೆಯಲ್ಲಿ ಇದ್ದದ್ದು ಹೆಂಡತಿ ಸುನಂದ ಒಬ್ಬಳೇ.

"ಮಾಲೂರಿನ ಉಮೇಶಂಗೆ ಬಿಟ್ರೆ ಒಂದು ಗಂಟೇಲಿ ಮಾಡ್ಕೊಡ್ತಾನೆ ಕಣ್ರೀ. ಮೆಕ್ಯಾನಿಕ್ ಅವನು, ಅವನ ಕೆಲಸ ಅದು."

"ಅವನಿಗೆ ಸುತ್ತಿಗೆ ಹಿಡಿಯೋಕೇ ಬರಲ್ಲ ಕಣೇ. ನಾನೇ ನೋಡಿದೀನಿ."

ಸುನಂದ ಲೋಟ ಎತ್ತಿಕೊಂಡು ಒಳಗೆ ಹೋದಳು. ಬುಧವಾರ ಸುಗಟೂರಿನಲ್ಲಿ ಅವಳ ತವರಿನವರ ಹೊಸ ಮನೆಯ ಗೃಹಪ್ರವೇಶ. ದೇವರ ಮನೆಗೆಂದು ಗಂಡ ಮೂರು ತಿಂಗಳು ಕೂತು ಮುಕ್ಕಾಲು ಅಡಿಯ ಗಣಪನನ್ನು ಕೆತ್ತಿದ್ದ. ಅಳಿಯ ಕಲ್ಲು ಕುಟ್ಟುವವನು ಎಂದು ಒಂದು ಕಾಲದಲ್ಲಿ ಮೂಗು ಮುರಿದಿದ್ದವರ ಎದುರಿಗೆ ಆ ಮೂರ್ತಿಯನ್ನು ಇಡುವ ಆಸೆ ಅವನಿಗೆ ಎಷ್ಟಿತ್ತೋ ಅವಳಿಗೂ ಅಷ್ಟೇ ಇತ್ತು. ಸ್ಕೂಟರಿನಲ್ಲಿ ಒಯ್ಯುವಾಗ ಒಂದು ಚಿಕ್ಕ ಚೂರು ಹಾರಿದರೂ ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಚಕ್ರದ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ. ಕಟಕಟ ಎನ್ನುತ್ತಿದ್ದ ಹಳೆಯ ಬೇರಿಂಗನ್ನು ಕಿತ್ತು, ಹೊಸದನ್ನು ಗಣಪನ ಕಿವಿ ಕೆತ್ತುವಷ್ಟು ನಾಜೂಕಾಗಿ ಬಡಿದು ಕೂರಿಸಿದ. ಅಲ್ಲಿಗೆ ಕೈ ತೊಳೆದುಕೊಂಡು ಎದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವನ ಕಣ್ಣು ಡಿಸ್ಕಿನ ಮೇಲೆ ಬಿತ್ತು. ಬ್ರೇಕ್ ಹಿಡಿದಾಗ ಎರಡು ಕಡೆಯಿಂದ ಪ್ಯಾಡುಗಳು ಚಕ್ರ ನಿಲ್ಲಿಸಲು ಕಚ್ಚಿಕೊಳ್ಳುವುದು ಆ ಉಕ್ಕಿನ ತಟ್ಟೆಯನ್ನೇ. ಅದು ತುಕ್ಕು ಹಿಡಿದು ಮಂಕಾಗಿತ್ತು. ಎಣ್ಣೆ ಕಾಣದ ಕೆಲಸ ಅರ್ಧ ಕೆಲಸ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದರು. ಮೂರ್ತಿ ಮುಗಿದ ಮೇಲೆ ಉಜ್ಜಿ, ಎಣ್ಣೆ ಸವರಿ, ಕಪ್ಪಗೆ ಹೊಳೆಸಿದ ಮೇಲೆಯೇ ಅದು ಮನೆ ಬಿಟ್ಟು ಹೊರಡಬೇಕು. ಕೋದಂಡರಾಮಪ್ಪ ಡಿಸ್ಕನ್ನು ಉಜ್ಜಿದ. ಆಮೇಲೆ ಕೊಬ್ಬರಿ ಎಣ್ಣೆಯ ಬಟ್ಟೆ ತೆಗೆದುಕೊಂಡು ಭಕ್ತಿಯಿಂದ ಸವರಿದ. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಬೀದಿಯಲ್ಲಿ ಒಂದು ಸುತ್ತು ಹೊಡೆದು ಬ್ರೇಕ್ ಹಿಡಿದ. ಸ್ಕೂಟರ್ ನಿಲ್ಲಬೇಕೋ ಬೇಡವೋ ಎಂದು ಸಾವಧಾನವಾಗಿ ಯೋಚಿಸಿ, ಎದುರು ಮನೆಯ ಆಂಜಿನಮ್ಮ ತೊಳೆದು ಬೋರಲು ಹಾಕಿದ್ದ ಪಾತ್ರೆಗಳ ಮಧ್ಯೆ ಹೋಗಿ ನಿಂತಿತು.

ಅಂದಿನಿಂದ ರೋಗಪರೀಕ್ಷೆ ಶುರುವಾಯಿತು. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಅದನ್ನು ಹೊರಗೆ ಬಿಟ್ಟು, ಹೊಸ ಬ್ರೇಕ್ ಆಯಿಲ್ ತುಂಬಿದ. ನಿಲ್ಲಲಿಲ್ಲ. ಪ್ಯಾಡು ಸವೆದಿದೆ ಎಂದು ಹೊಸ ಪ್ಯಾಡು ಹಾಕಿದ. ನಿಲ್ಲಲಿಲ್ಲ. ಬೇರಿಂಗ್ ಬಿಗಿ ಹೆಚ್ಚಾಯಿತೇನೋ ಎಂದು ಚಕ್ರವನ್ನು ಮತ್ತೆ ಬಿಚ್ಚಿದ. ಪ್ರತಿ ಸಲ ಬಿಚ್ಚಿದಾಗಲೂ ಡಿಸ್ಕಿನ ಮೇಲೆ ಬೆರಳ ಗುರುತು ಬೀಳುತ್ತಿತ್ತು. ಪ್ರತಿ ಸಲವೂ ಅದೇ ಬಟ್ಟೆಯಿಂದ ಒರೆಸಿ ಹೊಳೆಸಿಯೇ ಮೇಲೇಳುತ್ತಿದ್ದ. ಹೊಸ ಪ್ಯಾಡುಗಳೂ ಪಾಪ, ಎಣ್ಣೆ ಕುಡಿದು ಮೆತ್ತಗಾದವು.

ಮಂಗಳವಾರ ಮಧ್ಯಾಹ್ನ ಸುನಂದ ಕೇಳಿದಳು. "ಬ್ರೇಕ್ ಸರಿ ಹೋಯ್ತಾ? ಇಲ್ಲಾಂದ್ರೆ ಬಸ್ಸಲ್ಲೇ ಹೋಗೋಣ ರೀ."

"ಸರಿ ಹೋಯ್ತು, ಕೂತ್ಕೋ."

ಹಿಂದಿನ ಬ್ರೇಕ್ ಇದೆಯಲ್ಲ ಎಂದು ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡ. ಅವಳು ನಂಬಿ, ಗಣಪನನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹತ್ತಿ ಕೂತಳು.

ಕೋಲಾರ ದಾಟುವವರೆಗೂ ಸೈಕಲ್ಲುಗಳು ಅವರನ್ನು ಹಿಂದೆ ಹಾಕಿದವು.

"ಯಾಕ್ರೀ ಇಷ್ಟು ನಿಧಾನ?"

"ಗಣಪ ಇದಾನಲ್ವಾ, ಅಲುಗಬಾರದು," ಎಂದು ದೇವರ ಹೆಸರಿನಲ್ಲಿ ಇನ್ನೊಂದು ಸುಳ್ಳು ಹೇಳಿದ.

ಸುಗಟೂರಿನಲ್ಲಿ ಹೊಸ ಮನೆಯ ಮುಂದೆ ಇಳಿಜಾರು. ಬಾಗಿಲಲ್ಲಿ ಅತ್ತೆ ವೆಂಕಟರತ್ನಮ್ಮ ಆರತಿ ತಟ್ಟೆ ಹಿಡಿದು, ಪಕ್ಕದಲ್ಲಿ ನೆಂಟರನ್ನೆಲ್ಲ ನಿಲ್ಲಿಸಿಕೊಂಡು ಕಾದಿದ್ದರು. ಅಷ್ಟು ಜನರನ್ನು ಕಂಡ ಕೋದಂಡರಾಮಪ್ಪನಿಗೆ ನಿಧಾನವೆಲ್ಲ ಮರೆತುಹೋಯಿತು. ಎದೆಯುಬ್ಬಿಸಿ ಬಂದು ಬ್ರೇಕ್ ಹಿಡಿದ. ಮುಂದಿನದು ಹಿಡಿಯಲಿಲ್ಲ. ಗಾಬರಿಯಲ್ಲಿ ಹಿಂದಿನದನ್ನು ಬಲವಾಗಿ ಒತ್ತಿದ. ಹಿಂದಿನ ಚಕ್ರ ಜಾರಿತು. ಸ್ಕೂಟರ್ ಅಡ್ಡಡ್ಡಲಾಗಿ ಆರತಿಯ ಮುಂದೆಯೇ ಹಾದು ಹೋಯಿತು.

"ಅಳಿಯಂದಿರು ನಿಲ್ಲಿಸದೇ ಹೋದ್ರಲ್ಲಮ್ಮಾ, ಏನು ಕೋಪವೋ," ಎಂದರು ಅತ್ತೆ.

ಕೋಪಗೊಂಡ ಅಳಿಯ ಆ ಹೊತ್ತಿಗೆ ರೇಷ್ಮೆ ಹುಳುವಿಗೆಂದು ಕೊಯ್ದು ರಾಶಿ ಹಾಕಿದ್ದ ಹಿಪ್ಪುನೇರಳೆ ಸೊಪ್ಪಿನೊಳಗೆ ಸೊಂಟದವರೆಗೆ ಹೂತು ಹೋಗಿದ್ದ. ಸುನಂದ ರಾಶಿಯ ಅಂಚಿಗೆ, ಗಟ್ಟಿ ನೆಲದ ಮೇಲೆ ಬಿದ್ದಿದ್ದಳು. ಬಿದ್ದರೂ ಟವೆಲಿನ ಗಂಟನ್ನು ಎದೆಗೆ ಅವಚಿಕೊಂಡೇ ಇದ್ದಳು. ಗಾಜಿನ ಬಳೆ ಒಡೆದು ಮುಂಗೈ ರಕ್ತವಾಗಿತ್ತು, ಮಣಿಕಟ್ಟು ಊದಿಕೊಳ್ಳುತ್ತಿತ್ತು.

"ಗಣಪಂಗೆ ಏನೂ ಆಗಿಲ್ಲ ರೀ," ಎಂದಳು ಮೊದಲು. "ನೋಡ್ದೆ. ಸೊಂಡಿಲೂ ಸರಿಯಾಗಿದೆ."

ಕೋದಂಡರಾಮಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಂಥ ಗಣಪನನ್ನು ಇನ್ನೊಂದು ಮೂರು ತಿಂಗಳು ಕೂತರೆ ಮತ್ತೆ ಕೆತ್ತಬಹುದು.

ಭಾಮೈದ ಶಿವಶಂಕರ್ ಸ್ಕೂಟರ್ ಎತ್ತಿ ನಿಲ್ಲಿಸಿ, ಡಿಸ್ಕಿನ ಮೇಲೆ ಬೆರಳಾಡಿಸಿ, ಮೂಸಿ ನೋಡಿದ.

"ಏನ್ ಬಾವಾ ಇದು? ಕೊಬ್ರಿ ಎಣ್ಣೆ ವಾಸನೆ ಬರ್ತಿದೆ. ಡಿಸ್ಕಿಗೆ ಎಣ್ಣೆ ಹಚ್ಚಿದ್ರೆ ಪ್ಯಾಡು ಏನನ್ನ ಹಿಡ್ಕೊಳತ್ತೆ? ಪ್ಯಾಡೂ ಹೋಯ್ತು ಬಿಡಿ."

ಎರಡು ದಿನ ಬಿಚ್ಚಿ ಜೋಡಿಸಿದರೂ ಸಿಗದ ರೋಗ ಒಂದು ಮೂಗಿಗೆ ಸಿಕ್ಕಿತ್ತು. ಸುನಂದ ಗಂಡನ ಕಡೆ ನೋಡಿದಳು.

"ಸರಿ ಹೋಯ್ತು ಅಂದ್ರಲ್ಲಾ?"

"ಇಲ್ಲ ಕಣೇ. ಗೊತ್ತಿತ್ತು ನಂಗೆ. ಸುಳ್ಳು ಹೇಳ್ದೆ," ಎಂದ. ನೆಂಟರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳಿದ್ದ. ಅವಳು ಒಳಗೆ ಹೋದಳು. ಆ ದಿನ ಅವನೊಂದಿಗೆ ಮಾತಾಡಲಿಲ್ಲ.

ಬುಧವಾರ ಬೆಳಿಗ್ಗೆ ಗಣಪ ದೇವರ ಮನೆಯಲ್ಲಿ ಕೂತ. ಹಿಂದೆ ಮೂಗು ಮುರಿದಿದ್ದವರೇ ಕೈ ಮುಗಿದರು. ಪೂಜೆಗೆ ಮುಂಚೆ ಕೊನೆಯ ಸಲ ಎಣ್ಣೆ ಸವರಬೇಕಾದದ್ದು ಶಿಲ್ಪಿಯೇ. ಸುನಂದ ಪಟ್ಟಿ ಕಟ್ಟಿದ ಕೈಯಲ್ಲೇ ಎಣ್ಣೆ ಬಟ್ಟಲು ಚಾಚಿದಳು. ಅವನು ಬೆರಳು ಅದ್ದಿದ. ಆ ಪಟ್ಟಿಯನ್ನು ನೋಡುತ್ತ ಹಾಗೇ ನಿಂತುಬಿಟ್ಟ.

"ಧಾರಾಳವಾಗಿ ಹಚ್ರಿ," ಎಂದಳು ಸುನಂದ. "ಇವನು ಕೂತ ಜಾಗ ಬಿಟ್ಟು ಓಡಲ್ಲ."