ಹುತ್ತದ ಅಣಬೆಯ ತೀರ್ಪು

ಶ್ರಾವಣದ ಕೊನೆಯ ಶನಿವಾರ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದ ಹುತ್ತೂರಿನ ಕೋದಂಡರಾಮಪ್ಪ, ಸೊಪ್ಪಿನ ಜೊತೆಗೆ ಒಂದು ಜಗಳವನ್ನೂ ಮಡಿಲಲ್ಲಿ ಕಟ್ಟಿಕೊಂಡು ಬಂದ. ಹಿಂದಿನ ದಿನದ ಗುಡುಗಿಗೆ ತೋಟದ ಬದುವಿನ ಹುತ್ತದ ಮೇಲೆ ಅಣಬೆ ಎದ್ದಿದ್ದವು.

ಬಾಗಿಲಲ್ಲಿ ಪಾತ್ರೆ ಹಿಡಿದು "ಗೋವಿಂದಾ" ಎಂದು ನಿಂತ ಭಕ್ತರಿಗೆ ಅಕ್ಕಿ ಹಾಕುತ್ತಿದ್ದ ಹೆಂಡತಿ ಆದಿಲಕ್ಷ್ಮಮ್ಮ, ಗಂಡನ ಮಡಿಲು ನೋಡಿ ಅಡ್ಡ ನಿಂತಳು.

"ಶ್ರಾವಣ ಮುಗಿಯೋವರ್ಗೂ ಮಾಂಸ ಮುಟ್ಟಲ್ಲ ಅಂತ ಬಾಡಿನ ಪಾತ್ರೇನೇ ಅಟ್ಟಕ್ಕೆ ಹಾಕಿದೀನಿ. ಇದು ಒಳಗೆ ಬಂದ್ರೆ ನಾನು ತವರಿಗೆ ಹೋಗ್ತೀನಿ."

"ಅಣಬೆ ಬಾಡಲ್ಲ ಕಣೇ!"

"ಬಾಡಿನ ಮಸಾಲೆನೇ ಹಾಕ್ತೀವಿ, ಬಾಡಿನ ಹಂಗೇ ಅಗೀತೀರ. ಇನ್ನೇನು, ಬಾಲ ಬೇಕಾ? ಅಮಾವಾಸ್ಯೆ ಕಳೀಲಿ, ಮಾಡ್ಕೊಡ್ತೀನಿ."

"ಅಮಾವಾಸ್ಯೆಗೆ ಮೂರು ದಿನ ಇದೆ. ಅಷ್ಟರಲ್ಲಿ ಹುಳ ಬೀಳುತ್ತೆ. ಆಗ ನಿಜವಾಗ್ಲೂ ಬಾಡಾಗುತ್ತೆ!"

ಅವಳು ಜಗ್ಗಲಿಲ್ಲ. ಇವನೂ ಜಗ್ಗಲಿಲ್ಲ. ಅಂಗಳದಲ್ಲಿ ಮೂರು ಕಲ್ಲಿಟ್ಟು, ಚಕ್ಕೆ ಲವಂಗ ಕೊಬ್ಬರಿ ತಾನೇ ಅರೆದು, ಸಾರಿಗಿಟ್ಟ. ಗಾಳಿಗೆ ಯಾವ ವ್ರತವೂ ಇರಲಿಲ್ಲ. ಘಮ ಬೀದಿಯ ಕೊನೆಯವರೆಗೂ ಹೋಗಿ ಮನೆಮನೆಯ ಕದ ತಟ್ಟಿತು.

ಮೊದಲು ಬಂದವನು ಪಕ್ಕದ ಮನೆಯ ವೆಂಕಟರಾಯಪ್ಪ, ಹಾಲಿನ ಡೇರಿಯ ಮಾಜಿ ಕಾರ್ಯದರ್ಶಿ. ಎಡಗೈಯನ್ನು ಪೆಟ್ಟಾದವನಂತೆ ಟವೆಲ್ಲಿನಲ್ಲಿ ಮುಚ್ಚಿಕೊಂಡಿದ್ದ. ಅವನ ಹಿಂದೆ ಅರ್ಧ ಬೀದಿ.

"ಏನ್ಲಾ ಕೋದಂಡ, ಸಂಜೆ ಗುಡೀಲಿ ವೆಂಕಟರಮಣನ ದೀಪ ಹೊರೋನು ನೀನು. ಇವತ್ತೇ ಬಾಡಾ? ಹಂಗಾದ್ರೆ ದೀಪ ಬೇರೆಯವರಿಗೆ ಕೊಡಬೇಕಾಗುತ್ತೆ."

ಒಂಬತ್ತು ವರ್ಷ ಕಾದ ಮೇಲೆ ಸಿಕ್ಕ ಸರದಿ ಅದು. ಆದರೂ ಕೋದಂಡರಾಮಪ್ಪ ಸೌಟು ಕೆಳಗಿಡಲಿಲ್ಲ.

"ಅಣಬೆ ತರಕಾರಿ ಕಣಣ್ಣ."

"ತರಕಾರಿಗೆ ಎಲೆ ಇರುತ್ತೆ, ಬೀಜ ಇರುತ್ತೆ. ಇದಕ್ಕೆಲ್ಲಿದೆ, ತೋರ್ಸು?"

"ಪ್ರಾಣಿಗೆ ಕಣ್ಣಿರುತ್ತೆ, ಕಾಲಿರುತ್ತೆ. ಇದಕ್ಕೆ ನೀನು ತೋರ್ಸು! ನಾನು ಕೀಳೋಕೆ ಹೋದಾಗ ಒಂದೂ ಓಡಲಿಲ್ಲ."

ಬೀದಿ ನಕ್ಕಿತು. ಕೋದಂಡರಾಮಪ್ಪನಿಗೆ ಹುರುಪೇರಿತು.

"ಹಾಲು ಹಸುವಿನ ಮೈಯಿಂದ ಬರಲ್ವಾ? ಗುಡಿಗೆ ಉಟ್ಕೊಂಡು ಬರ್ತೀಯಲ್ಲ ರೇಷ್ಮೆ ಪಂಚೆ, ಅದಕ್ಕೆ ಎಷ್ಟು ಸಾವಿರ ಹುಳ ಬಿಸಿನೀರಲ್ಲಿ ಬೆಂದಿವೆ ಗೊತ್ತಾ? ಹುಳ ಸಾಕೋನು ನಾನು, ನನ್ನ ಕೇಳು!"

"ಪಂಚೆನ ಉಡ್ತೀವಿ ಕಣೋ, ಮುದ್ದೆ ಜೊತೆ ನುಂಗಲ್ಲ. ಚಿಕ್ಕವೆಂಕಟಮ್ಮನ್ನ ಕರೀರಿ, ಅವಳೇ ಹೇಳ್ಲಿ."

ಅರವತ್ತು ಶ್ರಾವಣ ತಪ್ಪದೆ ನಡೆಸಿದ ಅಜ್ಜಿ ಚಿಕ್ಕವೆಂಕಟಮ್ಮ ಕೋಲೂರಿಕೊಂಡು ಬಂದು ಜಗಲಿಯ ಮೇಲೆ ಕೂತಳು.

"ತಿನ್ನದೆ ಹೆಂಗೆ ಹೇಳ್ಲಿ ನಾಯನಾ?"

ಒಂದು ಸೌಟು ಹಾಕಿದ. ಅಜ್ಜಿ ಕಣ್ಣುಮುಚ್ಚಿ ಅಗಿದಳು.

"ನನಗಿರೋದು ಎರಡು ಹಲ್ಲು. ಎಡಗಡೇದು ತರಕಾರಿ ಅಂತಿದೆ. ಬಲಗಡೇದು ಇನ್ನೂ ಏನೂ ಹೇಳ್ತಿಲ್ಲ. ಇನ್ನೊಂದು ಸೌಟು ಹಾಕು."

ನಾಲ್ಕನೆಯ ಸೌಟಿಗೆ ಬಲಗಡೆಯ ಹಲ್ಲೂ ಒಪ್ಪಿತು. "ತರಕಾರಿನೇ. ವ್ರತಕ್ಕೆ ದೋಷ ಇಲ್ಲ. ಯಾರು ಬೇಕಾದ್ರೂ ತಿನ್ನಬಹುದು."

ಕೋದಂಡರಾಮಪ್ಪ ಸೌಟನ್ನು ಬಾವುಟದಂತೆ ಎತ್ತಿ ಹಿಡಿದ. ಅಜ್ಜಿಯ ಕೊನೆಯ ಮಾತು ಮಾತ್ರ ಅವನ ಕಿವಿಗೆ ಬೀಳಲಿಲ್ಲ. ಬೀದಿಯ ಕಿವಿಗೆ ಬಿದ್ದಿತ್ತು.

ವೆಂಕಟರಾಯಪ್ಪ ಟವೆಲ್ ಸರಿಸಿದ. ಎಡಗೈಯಲ್ಲಿ ದೊಡ್ಡದೊಂದು ಸ್ಟೀಲ್ ಡಬ್ಬಿಯಿತ್ತು.

"ಬರುವಾಗ್ಲೇ ತಂದಿದ್ದೆ ಕಣೋ. ನಾನೂ ವ್ರತದೋನು, ತೀರ್ಮಾನ ಆಗದೆ ಹೆಂಗೆ ಕೇಳೋದು? ಅದಕ್ಕೇ ನಿನ್ನ ವಾದಕ್ಕೆ ಎಳೆದೆ." ಡಬ್ಬಿ ಮುಂದೊಡ್ಡಿ ಗಟ್ಟಿಯಾಗಿ ಕೂಗಿದ: "ಗೋವಿಂದಾ!"

ಶ್ರಾವಣ ಶನಿವಾರ ಗೋವಿಂದಾ ಎಂದು ಪಾತ್ರೆ ಒಡ್ಡಿದವರನ್ನು ಬರಿಗೈಲಿ ಕಳಿಸುವಂತಿಲ್ಲ. ಅದರಲ್ಲೂ ಸಂಜೆ ದೀಪ ಹೊರುವವನು. ಕೋದಂಡರಾಮಪ್ಪ ಹಲ್ಲು ಕಚ್ಚಿ ಬಡಿಸಿದ. ಅಷ್ಟರಲ್ಲಿ ಉಳಿದವರೂ ಮನೆಗೋಡಿ ಬಟ್ಟಲು ತಂದರು. ಗೋವಿಂದಾ, ಗೋವಿಂದಾ! ಅಂಗಳ ತಿರುಪತಿ ಬೆಟ್ಟದಂತಾಯಿತು.

ಎಲ್ಲರೂ ಹೋದ ಮೇಲೆ ತಳದಲ್ಲಿ ಒಂದೇ ಸೌಟು ಸಾರು ಉಳಿದಿತ್ತು. ಮುದ್ದೆಯ ತಟ್ಟೆ ಎಳೆದುಕೊಂಡ. ಬೆನ್ನ ಹಿಂದೆ ಮೆತ್ತಗೆ ಕೇಳಿಸಿತು:

"ಗೋವಿಂದಾ."

ತಿರುಗಿದ. ಆದಿಲಕ್ಷ್ಮಮ್ಮ ತಟ್ಟೆ ಹಿಡಿದು ನಿಂತಿದ್ದಳು.

"ತರಕಾರಿ ಅಂತ ತೀರ್ಮಾನ ಆಯ್ತಲ್ಲ," ಎಂದಳು. ಸಾರು ಹಾಕಿಸಿಕೊಂಡು, ಒಳಗೆ ಹೋಗುತ್ತಾ ಕೇಳಿದಳು: "ನಿಮಗೆ ಉಪ್ಪಿನಕಾಯಿ ಕೊಡ್ಲಾ?"

"ಕೊಡು," ಎಂದು ಕೋದಂಡರಾಮಪ್ಪ ಬರೀ ಮುದ್ದೆ ಮುರಿದ. "ಆದ್ರೆ ಅಣಬೆ ಬಾಡಲ್ಲ!"