ಅಂದಾನಪ್ಪನ ಇಪ್ಪತ್ತನಾಲ್ಕು ಗುಂಡುಗಳ ವಿಜಯ

ಯಾವ ಯುಗದಲ್ಲಿ ಮನುಷ್ಯರು ಓಣಿಯ ತುದಿಯ ಕೊತ್ತಂಬರಿ ಕಟ್ಟಿಗೂ ಮೋಟಾರು ಹತ್ತಿ ಹೋಗುವರೋ, ಅಂಥ ಹೊಗೆಗವಿದ ಕಲಿಯುಗದಲ್ಲಿ, ಬೆಟಗೇರಿಯೆಂಬ ಮಗ್ಗದ ಸಪ್ಪಳದ ನಗರಿಯಲ್ಲಿ, ಜಿಡ್ಡುಲೇಪಿತಕರಕಮಲನೂ ಛಿದ್ರಬನಿಯನುಕವಚಧಾರಿಯೂ ನಿವೃತ್ತಮುದ್ರಣಾಕ್ಷರಯೋಜಕಚೂಡಾಮಣಿಯೂ ಆದ ಅಂದಾನಪ್ಪನು ಒಂದು ಬೆಳಿಗ್ಗೆ ಆರು ಗಂಟೆಗೆ ಪಡಸಾಲೆಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ನಡೆಸಿದ ಘೋರಸಮರವನ್ನು ಹೇಳುತ್ತೇನೆ. ಗ್ರೀಸಿನ ಡಬ್ಬಿಯಲ್ಲಿ ನೆಲೆಸಿದ ತಾಯೇ, ನನ್ನ ನಾಲಗೆ ಸರಾಗ ತಿರುಗುವಂತೆ ಮಾಡು. ನಗುವವರು ಈಗಲೇ ನಕ್ಕು ಮುಗಿಸಿರಿ, ಆಮೇಲೆ ನಡುವೆ ಬಾಯಿ ಹಾಕಬೇಡಿ.

ಸೈಕಲ್ಲು ಅವನದಲ್ಲ, ಹೆಂಡತಿ ಶಂಕ್ರವ್ವನದು. ಆಕೆ ಊರಾಚೆಯ ಆರೋಗ್ಯ ಕೇಂದ್ರದ ನರ್ಸಮ್ಮ. ಮೂವತ್ತೊಂದು ವರ್ಷದ ಹಿಂದೆ ಮೊದಲ ದಿನ ಕೆಲಸಕ್ಕೆ ಹೋದದ್ದು ಇದನ್ನೇ ತುಳಿದುಕೊಂಡು. ಸಂಜೆ ಓಣಿಯ ತಿರುವಿನಲ್ಲಿ ಅದರ ಸವೆದ ಇರುಸು ಕಟಕ್ ಕಟಕ್ ಎಂದರೆ ಸಾಕು, ಅಂದಾನಪ್ಪ ಒಳಗೆ ಚಹಾಕ್ಕೆ ನೀರಿಡುತ್ತಿದ್ದ. ಮೂರು ವರ್ಷದಿಂದ ಸೈಕಲ್ಲು ತುಕ್ಕು ಹಿಡಿದು ಮೂಲೆ ಸೇರಿತ್ತು, ಆಕೆ ಬಸ್ಸು ಹಿಡಿದಿದ್ದಳು. ಇಂದು ಆಕೆಯ ನೌಕರಿಯ ಕೊನೆಯ ದಿನ. "ಅದರ ಮ್ಯಾಲೆ ಹೋಗಿ ಸುರು ಮಾಡೀನಿ, ಅದರ ಮ್ಯಾಲೇ ಹೋಗಿ ಮುಗಸ್ತೀನ್ರಿ" ಎಂದಿದ್ದಳು. ಒಂಬತ್ತಕ್ಕೆ ಹೊರಡಬೇಕು.

ಚೌಕಟ್ಟಿಗೆ ಬಣ್ಣವಾಗಿತ್ತು, ಗಾಲಿಯ ಡೊಂಕು ತಿದ್ದಿಯಾಗಿತ್ತು. ಉಳಿದದ್ದು ಇರುಸಿನ ಕೋಟೆಯೊಂದೇ. ಪೆಡಲುಗಳ ನಡುವಿನ ಕೊಳವೆಯ ಎರಡೂ ಬದಿಗೆ ಒಂದೊಂದು ಬಟ್ಟಲನ್ನು ತಿರುಗಿಸಿ ಕೂರಿಸಬೇಕು, ಅದರೊಳಗೆ ಉಕ್ಕಿನ ಗುಂಡುಗಳನ್ನು ಸುತ್ತ ಜೋಡಿಸಬೇಕು, ನಡುವೆ ಇರುಸು ತೂರಿಸಬೇಕು. "ಮೌಲಾಸಾಬಣ್ಣನ ಸೈಕಲ್ ಅಂಗಡಿಗೆ ಒಯ್ಯಬಾರದೇನ್ರಿ?" ಎಂದು ಶಂಕ್ರವ್ವ ಕೇಳಿದಾಗ ವೀರನು ಗರ್ಜಿಸಿದ್ದನ್ನು ಕಾವ್ಯದ ಮಾತಿನಲ್ಲಿ ಹೇಳುವುದಾದರೆ ಹೀಗೆ: "ಎಲೌ ಸೂಚಿಧಾರಿಣಿ, ಸೀಸಾಕ್ಷರಸಹಸ್ರಗಳನ್ನು ಪಂಕ್ತಿಬದ್ಧಗೊಳಿಸಿದ ಈ ಬೆರಳುಗಳಿಗೆ ಗುಂಡುಗಳ ಕ್ಷುದ್ರಸೇನೆ ಯಾವ ಗಣನೆ!" ನಿಜವಾಗಿ ಅಂದದ್ದು ಇಷ್ಟು: "ಮೂವತ್ತಾರು ವರ್ಷ ಛಾಪಖಾನ್ಯಾಗ ಅಚ್ಚಿನ ಮೊಳಿ ಜೋಡಿಸೀನಿ. ಗುಂಡು ಜೋಡಸಾಕ ಮೌಲಾಸಾಬ ಯಾಕ ಬೇಕ?"

ಬಲಬದಿಯ ಬಟ್ಟಲು ಮಹಾ ಅಡ್ನಾಡಿ. ಜಗತ್ತೆಲ್ಲ ಬಿಗಿಯುವತ್ತ ತಿರುಗಿಸಿದರೆ ಅದು ಸಡಿಲಾಗುತ್ತದೆ. ವಂಚನೆಯನ್ನು ಅರಿತಿದ್ದ ಅಂದಾನಪ್ಪ ಎಡಕ್ಕೆ ತಿರುವಿ, ಪಾನಾ ಹಾಕಿ ಬಿಗಿದ. ಗ್ರೀಸು ಮೆತ್ತಿ ಒಂದೊಂದಾಗಿ ಹನ್ನೊಂದು ಗುಂಡು ಕೂರಿಸಿದ. ಇರುಸು ತೂರಿಸಿ ಎಡಬದಿಯ ಬಟ್ಟಲಿಗೂ ಹನ್ನೊಂದು ಕೂರಿಸಿ ಬಿಗಿದ. ಬೆರಳಿಂದ ತಿರುವಿದರೆ ಇರುಸು ಮಜ್ಜಿಗೆಯಲ್ಲಿ ಕಡೆಗೋಲು ತಿರುಗಿದಂತೆ ತಿರುಗಿತು. ಗಂಟೆ ಏಳೂಕಾಲು. ಕಾವ್ಯ ಇಲ್ಲಿಗೇ ಮುಗಿಯಬೇಕಿತ್ತು, ನಾನೂ ಮನೆಗೆ ಹೋಗಬಹುದಿತ್ತು.

ಆದರೆ ಮೌಲಾಸಾಬ ಅಂಗಡಿಯಿಂದ ಕಟ್ಟಿಕೊಟ್ಟಿದ್ದ ಹೊಸ ಗುಂಡುಗಳ ಪೊಟ್ಟಣದಲ್ಲಿ ಎರಡು ಉಳಿದಿದ್ದವು.

ಬೇರೆ ಯಾರೇ ಆಗಿದ್ದರೂ ಅವನ್ನು ಜೇಬಿಗಿಳಿಸಿ ಸ್ನಾನಕ್ಕೆ ಹೋಗುತ್ತಿದ್ದರು. ಮೊಳೆ ಜೋಡಿಸಿದವನಿಗೆ ಆ ಭಾಗ್ಯವೆಲ್ಲಿ? ಪುಟ ಕಟ್ಟಿದ ಮೇಲೆ ಮೇಜಿನ ಮೇಲೊಂದು ಮೊಳೆ ಉಳಿಯಿತೆಂದರೆ ಯಾವುದೋ ಸಾಲಿನಲ್ಲಿ ಅಕ್ಷರ ಬಿದ್ದುಹೋಗಿದೆ ಎಂದೇ ಅರ್ಥ. ಅಂದಾನಪ್ಪ ಎಲ್ಲವನ್ನೂ ಬಿಚ್ಚಿದ. ಎರಡೂ ಬಟ್ಟಲಿಗೆ ಹನ್ನೆರಡನೆಯ ಭಟನನ್ನು ನೂಕಿದ. ಆ ಭಟರು ಉಳಿದವರ ತಲೆಯೇರಿ ಕೂತರು, ಇರುಸು ಜಪ್ಪಯ್ಯ ಎಂದರೂ ಕದಲಲಿಲ್ಲ. ಮತ್ತೆ ಬಿಚ್ಚಿದ. ಒಂದು ಗುಂಡು ರಣರಂಗದಿಂದ ಪಲಾಯನಗೈದು ಕಪಾಟಿನಡಿ ಹೊಕ್ಕಿತು. ವೀರನು ಹೊಟ್ಟೆಯ ಮೇಲೆ ತೆವಳಿ ಅದನ್ನು ಸೆರೆಹಿಡಿದ. ಮೂರನೆಯ ಸಲ ಜೋಡಿಸಿದಾಗಲೂ ಅವೇ ಎರಡು ಉಳಿದವು. ಗಂಟೆ ಎಂಟೂಮುಕ್ಕಾಲು.

ಶಂಕ್ರವ್ವ ಬಿಳಿ ಸೀರೆಯುಟ್ಟು, ಚೀಲ ಹಿಡಿದು ಬಂದಳು. "ತಿರುಗ್ತೈತೇನ್ರಿ?"

"ತಿರುಗ್ತೈತಿ. ಆದ್ರ ಎರಡು ಉಳದಾವ. ಎಲ್ಲೋ ತಪ್ಪೈತಿ ನೋಡ. ಇವತ್ತ ಒಂದ್ ದಿನ ನಿನ್ನ ನಡುದಾರ್ಯಾಗ ಕೆಡವಿದ್ರ ಏನ್ ಮಾಡ್ಲಿ?" ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಶಂಕ್ರವ್ವ ಆ ಎರಡನ್ನು ಅಂಗೈಯಲ್ಲಿಟ್ಟು ನೋಡಿದಳು. "ನಾ ಬಸರಿ ಹೆಣ್ಮಕ್ಕಳಿಗೆ ಗುಳಿಗಿ ಎಣಿಸಿಕೊಡೂವಾಗ ಎರಡು ಹೆಚ್ಚಿಗಿ ಹಾಕ್ತೀನ್ರಿ, ಕೈಜಾರಿ ಬೀಳ್ತಾವಂತ. ಮೌಲಾಸಾಬಣ್ಣನೂ ಹಂಗ ಹಾಕ್ಯಾನ. ನಿಮ್ಮ ಕೈ ಆತಗ ಗೊತ್ತೈತಿ."

ಸೀಸಾಕ್ಷರಚಕ್ರವರ್ತಿಯು ಗುಂಡುಗಳನ್ನು ಜೇಬಿಗೆ ಹಾಕಿಕೊಂಡು, ಪೆಡಲು ಬಿಗಿದು, ಸರಪಳಿ ಏರಿಸಿದ. ಒಂಬತ್ತೂ ಹತ್ತಕ್ಕೆ ಶಂಕ್ರವ್ವ ಹೊರಟಾಗ ಓಣಿಯವರೆಲ್ಲ ಕಟ್ಟೆಗೆ ಬಂದು ನಿಂತು ನೋಡಿದರು. ಅಂದಾನಪ್ಪ ತಿರುವಿನವರೆಗೆ ಹಿಂದೆ ಹಿಂದೆ ನಡೆದ.

ಸಂಜೆ ಐದೂವರೆಗೆ ಅವನು ಕಿವಿಯನ್ನು ಆ ತಿರುವಿನತ್ತ ನೆಟ್ಟು ಒಳಗೆ ಕೂತ. ಕಟಕ್ ಎನ್ನಲಿಲ್ಲ. ಆರಾಯಿತು. ಬಟ್ಟಲು ಸಡಿಲಾಯಿತೋ, ಹೆಣ್ಣುಮಗಳು ಎಲ್ಲಿ ಬಿದ್ದಳೋ ಎಂದು ಚಪ್ಪಲಿ ಮೆಟ್ಟಿ ಹೊರಗೋಡಿದ. ಶಂಕ್ರವ್ವ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದಳು. ಬೀಳ್ಕೊಡುಗೆಯ ಹಾರ ಹ್ಯಾಂಡಲಿಗೆ ತೂಗುತ್ತಿತ್ತು.

"ಯಾವಾಗ ಬಂದಿ?"

"ಅರ್ಧ ತಾಸಾತು. ಚಾ ಬರ್ತೈತೇನು ಅಂತ ಕುಂತೀನಿ."

"ಸಪ್ಪಳನ ಕೇಳಸ್ಲಿಲ್ಲ."

"ಸಪ್ಪಳ ಹೋಗ್ಲಿ ಅಂತ ನೀವ ಕುಸ್ತಿ ಹಿಡದಿದ್ರಲ್ರಿ. ತರ್ರಿ ಇಲ್ಲೆ ಆ ಎರಡು." ಚೀಲದಿಂದ ಖಾಲಿ ಗುಳಿಗೆ ಡಬ್ಬಿ ತೆಗೆದು, ಗುಂಡುಗಳನ್ನು ಅದರೊಳಗೆ ಹಾಕಿ ಅಲ್ಲಾಡಿಸಿ ನೋಡಿದಳು. ಕಟಕ್ ಕಟಕ್. "ಇದನ್ನ ಕ್ಯಾರಿಯರಿಗೆ ಕಟ್ರಿ. ನಾಳಿ ಸಂತಿಗೆ ಹೊಂಟೀನಿ."

ಸಕಲಲೋಹಗೋಲಗರ್ವಭಂಜನನೂ ವಾಮಾವರ್ತಬಟ್ಟಲುಮರ್ದನನೂ ಆದ ಅಂದಾನಪ್ಪನು ಒಳಗೆ ಹೋಗಿ ಎರಡು ಲೋಟ ನೀರು ಒಲೆಯ ಮೇಲಿಟ್ಟನು.