ಮಾತಾಡದ ಯಜಮಾನರ ಫ್ಲ್ಯಾಟು

ನನ್ನ ಹೆಂಡತಿ ಭಾಮಾ ನನ್ನ ಬಾಯಿಗೆ ಬೀಗ ಹಾಕಿದ್ದು ಜೂನ್ ಹನ್ನೊಂದನೆಯ ತಾರೀಖು, ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ. ಬೀಗ ಹಾಕುವ ಮೊದಲು ಎರಡನೆಯ ಸಲ ಉಪ್ಪಿಟ್ಟು ಬಡಿಸಿದಳು ಎಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು.

ನಾನು ಮಾರ್ತಾಂಡ. ಧಾರವಾಡದವನು. ಪುಣೆಯ ಒಂದು ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಜನರ ಎದುರು ಕೂತು ಅವರ ಸಾವಿನ ಬಗ್ಗೆ ಉತ್ಸಾಹದಿಂದ ಮಾತಾಡಿ ನಿವೃತ್ತನಾದವನು. ಮಾತು ನನ್ನ ವೃತ್ತಿ. ನಿವೃತ್ತಿ ನನಗಾಯಿತೇ ಹೊರತು ಬಾಯಿಗೆ ಆಗಲಿಲ್ಲ.

ಪುಣೆಯ ಧನಕವಡಿಯಲ್ಲಿ ನಾವಿರುವ ಮನೆಯ ಕೆಳಗಿನ ಮಹಡಿಯಲ್ಲಿ ನಮ್ಮದೇ ಇನ್ನೊಂದು ಚಿಕ್ಕ ಫ್ಲ್ಯಾಟಿದೆ. ಭಾಮಾ ಅದನ್ನು ಒಂದು ಆ್ಯಪಿಗೆ ಹಾಕಿ, ಊರಿಗೆ ಬಂದುಹೋಗುವವರಿಗೆ ದಿನದ ಬಾಡಿಗೆಗೆ ಕೊಡತೊಡಗಿದಳು. ಅದು ಚೆನ್ನಾಗಿ ನಡೆಯಿತು. ಅದನ್ನು ಕಂಡು ಅವಳ ಅಕ್ಕ ಶೈಲಾ ಮಾರ್ಕೆಟ್ ಯಾರ್ಡ್ ಹತ್ತಿರದ ತನ್ನ ಫ್ಲ್ಯಾಟಿನ ಕೀಲಿ ಕೊಟ್ಟಳು. ನಾಶಿಕಕ್ಕೆ ಹೋಗಿ ನೆಲೆಸಿದ ಗೆಳತಿ ಹರ್ಷದಾ ಬಿಬವೇವಾಡಿಯದನ್ನು ಕೊಟ್ಟಳು. ಹೀಗೆ ನನ್ನ ಹೆಂಡತಿ ತ್ರಿಗೃಹೇಶ್ವರಿಯಾದಳು. ನಾನು ಧನಕವಡಿ ಸಂಸ್ಥಾನದ ಸ್ವಾಗತ ಮಂತ್ರಿಯಾದೆ.

ಈ ಆ್ಯಪಿನ ವ್ಯವಹಾರ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಉಳಿದು ಹೋದವರು ಐದಕ್ಕೆ ಇಷ್ಟು ಎಂದು ನಕ್ಷತ್ರ (ಭಾಮಾಳ ಬಾಯಲ್ಲಿ ಚಿಕ್ಕಿ) ಕೊಡುತ್ತಾರೆ. ಮೂರೂ ಮನೆಗಳ ನಕ್ಷತ್ರ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಅದು ನಾಲ್ಕು ಪಾಯಿಂಟ್ ಎಂಟಕ್ಕಿಂತ ಇಳಿಯದಿದ್ದರೆ ಹೆಸರಿನ ಪಕ್ಕ ಒಂದು ಪದಕ. ಮೂರು ತಿಂಗಳಿಗೊಮ್ಮೆ ತಪಾಸಣೆ; ಮುಂದಿನದು ಜೂನ್ ಕೊನೆಗೆ. ಒಂದು ಮನೆಯ ಗೀಜರ್ ಕೆಟ್ಟರೆ ಉಳಿದೆರಡು ಮನೆಗಳಿಗೂ ನೆಗಡಿಯಾಗುತ್ತದೆ. (ನಮ್ಮ ಕಾಲದಲ್ಲಿ ನೂರಕ್ಕೆ ಎಂಬತ್ತು ಬಂದರೆ ಓಣಿಗೆಲ್ಲ ಪೇಢೆ ಹಂಚುತ್ತಿದ್ದರು. ಇಲ್ಲಿ ಐದಕ್ಕೆ ನಾಲ್ಕು ಬಂದರೆ ಮನೆಯಲ್ಲಿ ಸೂತಕ.)

ಮೇ ತಿಂಗಳಲ್ಲಿ ಸರಾಸರಿ ಜಾರತೊಡಗಿತು. ಪದಕ ಹೋದರೆ ಫ್ಲ್ಯಾಟನ್ನು ಬೇರೆಯವರಿಗೆ ಒಪ್ಪಿಸುವುದಾಗಿ ಹರ್ಷದಾ ಫೋನಿನಲ್ಲಿ ನಯವಾಗಿ ತಿಳಿಸಿದಳು. ಭಾಮಾ ಕನ್ನಡಕ ಹಾಕಿಕೊಂಡು ತನಿಖೆಗೆ ಕೂತಳು.

"ಮಾರ್ಕೆಟ್ ಯಾರ್ಡಿಂದು ನಾಲ್ಕು ಪಾಯಿಂಟ್ ಒಂಬತ್ತು. ಬಿಬವೇವಾಡಿದೂ ಅಷ್ಟ. ಧನಕವಡಿದು ನಾಲ್ಕು ಪಾಯಿಂಟ್ ನಾಲ್ಕು. ಯಾಕ ಹೇಳ್ರಿ?"

"ಇಲ್ಲೆ ಲಿಫ್ಟ್ ಇಲ್ಲಲ್ಲ."

"ಮಾರ್ಕೆಟ್ ಯಾರ್ಡಿನ್ಯಾಗೂ ಇಲ್ಲ. ಮ್ಯಾಲೆ ಉಳ್ಳಾಗಡ್ಡಿ ಲಾರಿ ಕಿವ್ಯಾಗ ಹಾರ್ನ್ ಹೊಡೀತಾವ. ಆದ್ರೂ ಐದು ಚಿಕ್ಕಿ ಕೊಡ್ತಾರ ಮಂದಿ."

"ಹಂಗಾರ ನೀರಿಂದು ಇರಬೇಕು."

"ನೀರಿಂದಲ್ಲ. ಕೇಳ್ರಿ ಇಲ್ಲೆ," ಎಂದು ಅವಳು ಸೂರತ್‌ನಿಂದ ಬಂದಿದ್ದವರ ಅಭಿಪ್ರಾಯ ಓದಿದಳು. "'ಮನೆ ಸ್ವಚ್ಛವಾಗಿದೆ. ಕಾಕಾ ಬಹಳ ಒಳ್ಳೆಯವರು. ಒಂದು ಗಂಟೆ ಹತ್ತು ನಿಮಿಷ ಒಳ್ಳೆಯವರು.'"

ಆ ಸೂರತ್‌ನವರಿಗೆ ನಾನು ಪೇಶ್ವೆಗಳು ಕಾತ್ರಜ್ ಕೆರೆಯಿಂದ ಪುಣೆಗೆ ನೀರು ತಂದ ಚರಿತ್ರೆ ಹೇಳಿದ್ದು ನಿಜ. ಆ ಮನುಷ್ಯನ ಹೆಗಲ ಮೇಲೆ ಮಗು ಮಲಗಿತ್ತು, ಕೈಯಲ್ಲಿ ಎರಡು ಚೀಲಗಳಿದ್ದವು. ಕದಲದೆ ನಿಂತಿದ್ದ. ಆಸಕ್ತಿ ಎಂದುಕೊಂಡಿದ್ದೆ.

ನಾನು ಸೋಲಲಿಲ್ಲ. ವೈಜ್ಞಾನಿಕ ಪರೀಕ್ಷೆಯಾಗಲಿ ಎಂದೆ. ಹದಿನೈದು ದಿನ ಧನಕವಡಿಯ ಅತಿಥಿಗಳು ಬಾಗಿಲ ಪಕ್ಕದ ಡಬ್ಬಿಯಿಂದ ತಾವೇ ಕೀಲಿ ತೆಗೆದುಕೊಳ್ಳಲಿ. ನಾನು ಮಾರ್ಕೆಟ್ ಯಾರ್ಡಿನಲ್ಲಿ ನಿಂತು ಸ್ವಾಗತಿಸುತ್ತೇನೆ. ದೋಷ ಮನೆಯದೋ ಮನುಷ್ಯನದೋ ಗೊತ್ತಾಗಿಬಿಡಲಿ.

ಗೊತ್ತಾಯಿತು. ಧನಕವಡಿಗೆ ಎಲ್ಲರೂ ಐದು ಕೊಟ್ಟರು. ಮಾರ್ಕೆಟ್ ಯಾರ್ಡ್ ನಾಲ್ಕೂವರೆಗೆ ಬಂದು ಬಿತ್ತು. ಅಲ್ಲಿ ಉಳಿದಿದ್ದ ಒಬ್ಬ ಹುಡುಗಿ ಹೀಗೆ ಬರೆದಿದ್ದಳು: "ಕಾಕಾ ಹೇಳಿದ ಇತಿಹಾಸ ಲಾರಿಗಳ ಸದ್ದಿನಲ್ಲಿ ಪೂರ್ತಿ ಕೇಳಿಸಲಿಲ್ಲ. ಲಾರಿಗಳಿಗೆ ಧನ್ಯವಾದ."

ಹನ್ನೊಂದನೆಯ ತಾರೀಖಿನ ಉಪ್ಪಿಟ್ಟಿನ ಹೊತ್ತಿಗೆ ತೀರ್ಪು ಹೊರಬಿತ್ತು.

"ಇವತ್ತಿಂದ ಜೂನ್ ಮುಗಿಯೂತನಕ ಅತಿಥಿಗಳ ಮುಂದ ನೀವು ಒಂದ್ ಅಕ್ಷರ ಆಡಂಗಿಲ್ಲ."

"ನಮಸ್ಕಾರ ಅನಬೇಕಲ್ಲ?"

"ಕೈ ಅದಾವಲ್ಲ, ಮುಗೀರಿ."

"ಭಾಮಾ, ಇದು ಅತೀ ಆತು."

ಅವಳು ಸೌಟು ಕೆಳಗಿಟ್ಟಳು. "ಮೂವತ್ತು ವರ್ಷ ಈ ಮನಿ ನಡಿಸೀನ್ರಿ. ಯಾರೂ ಒಂದ್ ಚಿಕ್ಕಿ ಕೊಡಲಿಲ್ಲ. ಈಗ ಕೊಡಾಕತ್ತಾರ. ಅದನ್ನ ನಿಮ್ಮ ಪೇಶ್ವೆಗಳ ಸಂಬಂಧ ಕಳಕೊಳ್ಳಲಿ?"

ನಾನು ತಟ್ಟೆಯ ಉಪ್ಪಿಟ್ಟು ಮುಗಿಸಿದೆ. (ಉತ್ತರವಿತ್ತು. ಆದರೆ ಅವಳ ಕಣ್ಣು ಸ್ವಲ್ಪ ಒದ್ದೆಯಾಗಿತ್ತು.)

ಮೌನವ್ರತದ ಮೊದಲ ಅತಿಥಿಗಳು ನಾಗಪುರದ ಗಂಡ ಹೆಂಡತಿ, ಧನಕವಡಿಗೇ ಬಂದರು. ಕೈಮುಗಿದು ಕೀಲಿ ಕೊಟ್ಟೆ. ನಲ್ಲಿ ಸೋರುತ್ತಿದೆ ಎಂದರು. ನಟ್ಟು ತಿರುಗಿಸುವ ಪಾನಾ ತಂದು ಸರಿಮಾಡಿದೆ. ಗೀಜರಿನ ಸ್ವಿಚ್ಚನ್ನು ಬೆರಳಿನಿಂದ ತೋರಿಸಿದೆ. ಬಸ್ ನಿಲ್ದಾಣಕ್ಕೆ ದಾರಿ ಕೇಳಿದಾಗ ಹಾಳೆಯ ಮೇಲೆ ನಕ್ಷೆ ಬರೆದು, ಅದರ ಮೂಲೆಯಲ್ಲಿ ಆಸೆ ತಾಳಲಾರದೆ ಕಾತ್ರಜ್ ಕೆರೆಯನ್ನೂ ಬರೆದೆ. ಎರಡು ದಿನಕ್ಕೆ ಅವರು ಹೋದರು. ಭಾಮಾ ಅವರ ಅಭಿಪ್ರಾಯವನ್ನು ಮೂರು ಸಲ ಓದಿದಳು. "ಐದಕ್ಕೆ ಐದು. ಮಾತು ಬಾರದ ಒಬ್ಬ ಹಿರಿಯರನ್ನು ಕೆಲಸಕ್ಕಿಟ್ಟುಕೊಂಡ ಮಾಲಕಿಯ ಮನಸ್ಸು ದೊಡ್ಡದು."

"ಇದನ್ನ ತಿದ್ದಿಸಬೇಕು," ಎಂದೆ. "ನಾ ಕೆಲಸದಾಂವ ಅಲ್ಲ."

"ಐದು ಕೊಟ್ಟವರನ್ನ ತಿದ್ದಬಾರದ್ರಿ," ಎಂದಳು ದೊಡ್ಡ ಮನಸ್ಸಿನ ಮಾಲಕಿ.

ಜೂನ್ ಕೊನೆಯ ವಾರಕ್ಕೆ ಸರಾಸರಿ ನಾಲ್ಕು ಪಾಯಿಂಟ್ ಏಳು ಒಂಬತ್ತಕ್ಕೆ ಬಂದು ನಿಂತಿತು. ಉಳಿದದ್ದು ಒಂದೇ ಬುಕಿಂಗು, ಧನಕವಡಿಗೆ, ಮೂರು ದಿನ. ಅವರು ಐದು ಕೊಟ್ಟರೆ ಪದಕ ಉಳಿಯುತ್ತದೆ; ನಾಲ್ಕು ಕೊಟ್ಟರೆ ಹರ್ಷದಾ ಹೋಗುತ್ತಾಳೆ, ಅವಳ ಹಿಂದೆ ಶೈಲಾಕ್ಕನೂ ಹೋಗುತ್ತಾಳೆ.

ಬಂದವರು ಧಾರವಾಡದ ನರ್ಮದಾಬಾಯಿ, ಎಪ್ಪತ್ತು ದಾಟಿದವರು, ಮತ್ತು ಅವರ ಮಗ ಬಾಬು. ಮಗ ಯಾವುದೋ ಕಂಪನಿ ತರಬೇತಿಗೆಂದು ಬೆಳಿಗ್ಗೆ ಹೋದರೆ ಸಂಜೆಗೇ ಬರುವವನು. ನಾನು ಕುಡಿಯುವ ನೀರಿನ ಕ್ಯಾನ್ ಇಡಲು ಹೋದಾಗ ನರ್ಮದಾಬಾಯಿ ಕುರ್ಚಿ ತೋರಿಸಿದರು.

"ಕೂಡ್ರಿ. ನಿಮಗ ಕೇಳಸ್ತದಲ್ಲ?"

ತಲೆ ಆಡಿಸಿದೆ.

"ಚೊಲೋ ಆತು. ನಮ್ಮ ತವರಮನಿ ಧಾರವಾಡ ಲೈನ್ ಬಜಾರಿನ ಹಿಂದಿನ ಓಣ್ಯಾಗ."

ನನ್ನ ನಾಲಿಗೆ ಒಳಗೇ ಎದ್ದು ಕೂತಿತು. ಅದು ನನ್ನ ಓಣಿ. ನಾನು ಗೋಲಿ ಆಡಿದ್ದು ಅಲ್ಲಿ, ಹಲ್ಲು ಮುರಿದುಕೊಂಡದ್ದು ಅಲ್ಲಿ. ನಾನು ತುಟಿ ಕಚ್ಚಿಕೊಂಡೆ. ಅವರು ಹಿಟ್ಟಿನ ಗಿರಣಿ ಹೇಳಿದರು, ಸಹಿಸಿದೆ. ಬೇವಿನಮರ ಹೇಳಿದರು, ಸಹಿಸಿದೆ. "ಓಣಿ ತುದೀಗೆ, ಎಡಕ್ಕ, ಒಂದು ಬಾವಿ ಇತ್ತು," ಎಂದರು.

"ಬಲಕ್ಕ ಇತ್ರಿ ಬಾಯಾರ," ಎಂದುಬಿಟ್ಟೆ. "ನಾನೂ ಅದ ಓಣ್ಯಾಂವ."

ನರ್ಮದಾಬಾಯಿಯ ಮುಖ ಸಣ್ಣದಾಯಿತು.

"ನಿಮಗ ಮಾತು ಬರ್ತಾವೇನ್ರಿ?"

"ಬರ್ತಾವ್ರಿ."

"ಎಷ್ಟು ಬರ್ತಾವ?"

"ಭಾಳ ಬರ್ತಾವ್ರಿ."

ಅವರು ತಮ್ಮ ಫೋನು ತೆರೆದು ನಾಗಪುರದವರು ಬರೆದದ್ದನ್ನು ನನಗೆ ತೋರಿಸಿದರು. "ಇದನ್ನ ಓದಿಯ ಈ ಮನಿ ಹಿಡಿ ಅಂತ ಬಾಬೂಗ ಗಂಟುಬಿದ್ದೆ. ಮನಿಯಾಗ ನಾ ಬಾಯಿ ತಗದ್ರ ಮಗ, ಸೊಸಿ, ಮೊಮ್ಮಕ್ಕಳು, ಎಲ್ಲಾರೂ 'ಗೊತ್ತದ, ಗೊತ್ತದ' ಅಂತಾರ. ಅರ್ಧಕ್ಕ ನಿಂತ ಮಾತು ಎಷ್ಟ್ ಅದಾವ ನನ್ನ ಹೊಟ್ಟ್ಯಾಗ. ಒಬ್ಬರಾದ್ರೂ ಕಡೀತನಕ ಕೇಳ್ತಾರಂತ ಬಂದೆ. ಈಗ ನೀವೂ ಬಾವಿ ಬಲಕ್ಕ ಅಂತೀರಿ."

ನಾನು ಆ ಕ್ಷಣ ನಕ್ಷತ್ರಗಳ ಬಗ್ಗೆ ಯೋಚಿಸಿದೆ ಎಂದು ನೀವು ತಿಳಿದರೆ ತಪ್ಪಲ್ಲ. ಆದರೆ ಮೊದಲು ನೆನಪಾದವನು ಹೆಗಲ ಮೇಲೆ ಮಗು ಹೊತ್ತು ನಿಂತಿದ್ದ ಆ ಸೂರತ್‌ನ ಮನುಷ್ಯ. ಕೈಮುಗಿದು, ಬಾವಿ ಎಡಕ್ಕೇ ಎಂಬಂತೆ ಬೆರಳು ತೋರಿಸಿ, ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ.

ಅವರು ಶುರು ಮಾಡಿದರು. ಆಗ ಸೊಲ್ಲಾಪುರದಲ್ಲಿದ್ದ ಅವರ ಮೈದುನ ಅವ್ವಣ್ಣನ ಮದುವೆ. ಗಂಡಿನ ಕಡೆಯವರ ಬಸ್ಸು ಸೊಲ್ಲಾಪುರದಿಂದ ಪುಣೆಗೆ ಹೊರಟಿದೆ. ಇಂದಾಪುರದಲ್ಲಿ ಚಹಾಕ್ಕೆ ನಿಂತಿದೆ. ಬಾಸಿಂಗದ ಡಬ್ಬಿಯನ್ನು ಸೀಟಿನ ಮೇಲಿಟ್ಟು ಇಳಿದ ಅವ್ವಣ್ಣ ಮತ್ತೆ ಬಸ್ಸು ಹತ್ತಲಿಲ್ಲ. ಕಬ್ಬಿನ ಗದ್ದೆಗಳಲ್ಲಿ ಹುಡುಕಿದರು, ಬಾವಿಗಳಲ್ಲಿ ಇಣುಕಿದರು. ಇತ್ತ ಪುಣೆಯಲ್ಲಿ ಹೆಣ್ಣು ಅರಿಶಿನ ಹಚ್ಚಿಕೊಂಡು ಕೂತಿದ್ದಾಳೆ. ಮೊದಲ ದಿನ ಸಂಜೆಗೆ ಹುಡುಕಾಟವೇ ಮುಗಿಯಲಿಲ್ಲ. ಎರಡನೆಯ ದಿನ ನಾನು ನೀರಿನ ಕ್ಯಾನು ಖಾಲಿಯಾಗುವ ಮೊದಲೇ ಇನ್ನೊಂದು ಹೊತ್ತು ಹೋದೆ.

ಮೂರನೆಯ ದಿನ ಮಧ್ಯಾಹ್ನ ಅವರು ಸೆರಗು ಸರಿಮಾಡಿಕೊಂಡು ದನಿ ತಗ್ಗಿಸಿದರು. "ಹನ್ನೆರಡು ವರ್ಷಾದ ಮ್ಯಾಲೆ ಒಂದಿನ ಬಾಗಲಾ ಬಡದ್ರು. ತಗದು ನೋಡ್ತೀನಿ, ಅವ್ವಣ್ಣ. ಬಾಜೂಕ ಯಾರ್ ನಿಂತಿದ್ರು ಅಂತೀರಿ..."

ಊರಿಗೆ ಹೊರಡಲು ಅಂದು ಬೇಗ ಬಂದಿದ್ದ ಬಾಬು ಕೆಳಗೆ ಕಾರಿನ ಹಾರ್ನ್ ಹೊಡೆದ. ನರ್ಮದಾಬಾಯಿ ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ಐದು ನಕ್ಷತ್ರ ಬಂದವು. "ಮಾತು ಬರುವವರು, ಆದರೂ ಆಡಲಿಲ್ಲ. ಇಂಥವರು ಸಿಗುವುದು ಕಷ್ಟ." ಪದಕ ಉಳಿಯಿತು. ಹರ್ಷದಾ ಅಭಿನಂದಿಸಿದಳು. ಭಾಮಾ ಶಿರಾ ಮಾಡಿ, ನನ್ನ ಬಾಯಿ ಬಿಡುಗಡೆಯಾಯಿತೆಂದು ಘೋಷಿಸಿದಳು. ಆ ಬಾಯಿಂದ ನಾನು ಮೊದಲು ಹೇಳಿದ್ದು ಅವ್ವಣ್ಣನ ಕಥೆ. ಶಿರಾ ತಣ್ಣಗಾಗುವವರೆಗೆ ಅವಳು ಕೇಳಿದಳು.

"ಬಾಜೂಕ ಯಾರಿದ್ರು?"

"ಗೊತ್ತಿಲ್ಲ."

"ಕೇಳಬಾರದಾಗಿತ್ತೇನ್ರಿ? ಬ್ಯಾಡಂದಾಗ ಮಾತಾಡ್ತೀರಿ, ಬೇಕಾದಾಗ ಬಾಯಿ ಮುಚ್ಚತೀರಿ."

ಒಂದು ವಾರ ನನಗೆ ಊಟ ರುಚಿಸಲಿಲ್ಲ. ಕೊನೆಗೆ ನರ್ಮದಾಬಾಯಿಗೆ ಫೋನು ಮಾಡಿದೆ. ಅದು ಎದುರಿಗೆ ಕೂತು ಹೇಳುವ ವಿಷಯ ಎಂದರು. ಆಗಸ್ಟಿನಲ್ಲಿ ಬಾಬುಗೆ ಮತ್ತೆ ಪುಣೆಯ ಕೆಲಸವಿದೆ, ಆದರೆ ಈ ಸಲ ಕಂಪನಿಯವರೇ ಅವನನ್ನು ಹೋಟೆಲಿನಲ್ಲಿಡುತ್ತಾರಂತೆ, ತಾಯಿಗೆ ಅಲ್ಲಿ ಜಾಗವಿಲ್ಲವಂತೆ. ನಾನು ಹಿಂದೆಮುಂದೆ ನೋಡದೆ ಭಾಮಾಳ ಫೋನು ತೆಗೆದು, ಆಗಸ್ಟಿನ ಐದು ದಿನ ಧನಕವಡಿಯ ಫ್ಲ್ಯಾಟನ್ನು ಅವರ ಹೆಸರಿಗೆ ಪುಕ್ಕಟೆ ಬರೆದುಕೊಟ್ಟೆ.

ಮರುದಿನ ಭಾಮಾ ಕ್ಯಾಲೆಂಡರ್ ನೋಡಿ ನನ್ನನ್ನು ಕರೆದಳು. ನಡೆದದ್ದನ್ನು ಹೇಳಿ ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವಳು ಬೈಯಲಿಲ್ಲ. ಕ್ಯಾಲೆಂಡರಿನ ಆ ದಿನಗಳ ಮೇಲೆ ಬೆರಳಾಡಿಸಿದಳು.

"ಆತು, ಬರಲಿ," ಎಂದಳು. "ಆ ಐದು ದಿನ ಮಾರ್ಕೆಟ್ ಯಾರ್ಡಿಗೂ ಅತಿಥಿಗಳು ಬರಾವರದಾರ. ಅಲ್ಲಿ ಕೆಲಸಾ ನೀವು ನೋಡ್ಕೋರಿ. ಬಾಯಾರಿಗೆ ನೀರಿನ ಕ್ಯಾನ್ ನಾ ಒಯ್ದ್ ಕೊಡ್ತೀನಿ."

"ಕೇಳಿ ಬಂದು ನನಗ ಹೇಳ್ತೀ ಅಲ್ಲ?"

ಅವಳು ಕನ್ನಡಕ ತೆಗೆದು ಸೆರಗಿನಿಂದ ನಿಧಾನವಾಗಿ ಒರೆಸಿಕೊಂಡಳು.

"ಮೂರು ಮನಿ ಕೆಲಸ ಅದ ನನಗ. ಹೊತ್ತು ಸಿಕ್ಕರ ನೋಡೂಣು," ಎಂದಳು.